ಕ್ಯಾಸಿನೋ ರೆಸಾರ್ಟ್: ಮಾತು ಬಂತು, ಕಟ್ಟಡ ಬರಲಿಲ್ಲ – ಕಾಫಿ ನಾಡಿನವರು ತಿಳಿದಿರಬೇಕಾದ ವಿಷಯಗಳು

ಆಲ್ದೂರು: ದೊಡ್ಡ ತೋಟವೊಂದು ಕೈ ಬದಲಾಯಿತು ಅಂದ್ರೆ ಸಾಕು, ರೆಸಾರ್ಟ್ ಬರುತ್ತಂತೆ ಅನ್ನೋ ಮಾತು ಹಿಂದೆಯೇ ಬರುತ್ತೆ. ರೆಸಾರ್ಟ್ ಅಂದ್ಮೇಲೆ ಈಜುಕೊಳ, ಹೆಲಿಪ್ಯಾಡ್, ಕೊನೆಗೆ ಗೋವಾ ಥರದ ಕ್ಯಾಸಿನೋ ತನಕವೂ ಮಾತು ಹೋಗುತ್ತೆ. ಇದರಲ್ಲಿ ಕ್ಯಾಸಿನೋ ವಿಷಯ ಬರೀ ಬಾಯಿಮಾತಲ್ಲ. ಐದಾರು ವರ್ಷದ ಹಿಂದೆ ನಮ್ಮ ಜಿಲ್ಲೆಯವರೇ ಆದ ಸಚಿವರೊಬ್ಬರು ಅದನ್ನು ಬಹಿರಂಗವಾಗಿ ಪ್ರಸ್ತಾಪಿಸಿದ್ದರು. ಆದರೆ ಇವತ್ತಿಗೂ ಕರ್ನಾಟಕದಲ್ಲಿ ಕಾನೂನುಬದ್ಧ ಕ್ಯಾಸಿನೋ ಒಂದೂ ಇಲ್ಲ.

ಯಾಕೆ ಬರಲಿಲ್ಲ? ಮುಂದೆ ಬರಬೇಕಾದ್ರೆ ಏನೇನು ಬದಲಾಗಬೇಕು? ಆಲ್ದೂರಿನಂಥ ಜಾಗದಲ್ಲಿ ದೊಡ್ಡ ರೆಸಾರ್ಟ್ ಸುದ್ದಿ ಬಂದಾಗ ನಿಜ ಯಾವುದು, ಗಾಳಿಸುದ್ದಿ ಯಾವುದು ಅಂತ ತಿಳಿಯೋದು ಹೇಗೆ? ಇಲ್ಲಿದೆ ಮಾಹಿತಿ.

2020ರಲ್ಲಿ ಆಗಿದ್ದೇನು?

2020ರ ಫೆಬ್ರುವರಿ. ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿ. ಚಿಕ್ಕಮಗಳೂರಿನ ಆಗಿನ ಶಾಸಕ ಸಿ.ಟಿ. ರವಿ ಪ್ರವಾಸೋದ್ಯಮ ಸಚಿವ. ಬೆಂಗಳೂರಿನಲ್ಲಿ ನಡೆದ ಉದ್ಯಮಿಗಳ ಸಭೆಯಲ್ಲಿ ರಾಜ್ಯದ ಪ್ರವಾಸೋದ್ಯಮಕ್ಕೆ ಖಾಸಗಿ ಬಂಡವಾಳ ತರುವ ಬಗ್ಗೆ ಮಾತನಾಡುವಾಗ ಅವರು ಅಮೆರಿಕದ ಲಾಸ್ ವೇಗಸ್ ಉದಾಹರಣೆ ಕೊಟ್ಟು ಕ್ಯಾಸಿನೋ ವಿಷಯ ಎತ್ತಿದರು. ದುಡ್ಡಿದ್ದವರು ಹೇಗೂ ಹೊರಗೆ ಹೋಗಿ ಆಡ್ತಾರೆ, ಆ ಹಣ ಇಲ್ಲೇ ಉಳಿಯಬಾರದೇಕೆ ಅನ್ನೋದು ಇಂಥ ಪ್ರಸ್ತಾಪಗಳ ಹಿಂದೆ ಸಾಮಾನ್ಯವಾಗಿ ಇರುವ ವಾದ.

ಮಾತು ಹೊರಬಿದ್ದ ಕೂಡಲೇ ವಿರೋಧ ಪಕ್ಷಗಳು ಮುಗಿಬಿದ್ದವು. ಸಂಸ್ಕೃತಿಯ ಮಾತಾಡುವ ಪಕ್ಷದ ಸರ್ಕಾರವೇ ಜೂಜಿಗೆ ಬಾಗಿಲು ತೆಗೆಯುತ್ತಿದೆ ಎಂಬ ಟೀಕೆ ಬಂತು. ಸಚಿವರು ಸ್ಪಷ್ಟನೆ ಕೊಟ್ಟು, ಸರ್ಕಾರದ ಮುಂದೆ ಅಂಥ ಪ್ರಸ್ತಾವನೆ ಇಲ್ಲ ಎಂದರು. ಅಲ್ಲಿಗೆ ವಿಷಯ ತಣ್ಣಗಾಯಿತು. ಕ್ಯಾಸಿನೋಗೆ ಅವಕಾಶ ಕೊಡುವ ಮಸೂದೆ ವಿಧಾನಮಂಡಲದ ಮುಂದೆ ಬರಲೇ ಇಲ್ಲ. ಮುಂದಿನ ತಿಂಗಳೇ ಕೊರೊನಾ ಲಾಕ್‌ಡೌನ್ ಬಂತು, ಇದ್ದ ಹೋಂಸ್ಟೇಗಳೇ ಬಾಗಿಲು ಹಾಕಿದವು.

ಇನ್ನೊಂದು ಗಮನಿಸಬೇಕಾದ ವಿಷಯ: ಅದೇ ಫೆಬ್ರುವರಿ 1ರಿಂದ ಗೋವಾ ಸರ್ಕಾರ ತನ್ನದೇ ರಾಜ್ಯದ ಜನ ಕ್ಯಾಸಿನೋ ಒಳಗೆ ಹೋಗಿ ಆಡೋದನ್ನು ನಿಷೇಧಿಸಿತ್ತು. ನಾವು ಗೋವಾ ನೋಡಿ ಕ್ಯಾಸಿನೋ ಬೇಕಾ ಅಂತ ಕೇಳುತ್ತಿದ್ದ ತಿಂಗಳಲ್ಲೇ, ಗೋವಾ ತನ್ನ ಮಕ್ಕಳಿಗೆ ಅದು ಬೇಡ ಅಂದಿತ್ತು.

ಅಡ್ಡ ಇರೋದು ಯಾವ ಕಾನೂನು?

ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 34ನೇ ವಿಷಯ ‘ಪಂದ್ಯ ಮತ್ತು ಜೂಜು’. ಅಂದ್ರೆ ಕ್ಯಾಸಿನೋ ಬೇಕೋ ಬೇಡವೋ ಅನ್ನೋದು ರಾಜ್ಯ ಶಾಸಕಾಂಗದ ತೀರ್ಮಾನ. ಜಿಲ್ಲಾಧಿಕಾರಿಯಾಗಲಿ, ಪ್ರವಾಸೋದ್ಯಮ ಇಲಾಖೆಯಾಗಲಿ, ಗ್ರಾಮ ಪಂಚಾಯಿತಿಯಾಗಲಿ ಕ್ಯಾಸಿನೋಗೆ ಲೈಸೆನ್ಸ್ ಕೊಡಲು ಬರೋದಿಲ್ಲ.

ಕರ್ನಾಟಕದಲ್ಲಿ ಸದ್ಯ ಜಾರಿಯಲ್ಲಿರೋದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಇಸ್ಪೀಟ್ ಅಡ್ಡೆ ಮೇಲೆ ದಾಳಿ ಆದಾಗಲೆಲ್ಲ ಪೊಲೀಸ್ ಪ್ರಕಟಣೆಯಲ್ಲಿ ಬರುವ ‘ಕೆ.ಪಿ. ಆಕ್ಟ್’ ಇದೇ. ಮುಖ್ಯ ಕಲಂಗಳು ಹೀಗಿವೆ:

– ಕಲಂ 78: ಮಟ್ಕಾ, ಓಸಿ ಥರದ ಜೂಜು ನಡೆಸೋದು
– ಕಲಂ 79: ಜೂಜಿನ ಮನೆ ಇಟ್ಟುಕೊಳ್ಳೋದು
– ಕಲಂ 80: ಜೂಜಿನ ಮನೆಯಲ್ಲಿ ಆಡೋದು
– ಕಲಂ 87: ರಸ್ತೆ, ಸಾರ್ವಜನಿಕ ಜಾಗದಲ್ಲಿ ಜೂಜಾಡೋದು
– ಕಲಂ 176: ಕೌಶಲದ ಆಟಗಳಿಗೆ ವಿನಾಯಿತಿ

ಕೋಟಿಗಟ್ಟಲೆ ಹಾಕಿ ಕಟ್ಟಿದ ಕ್ಯಾಸಿನೋ ಆದರೂ, ತೋಟದ ಹಳೇ ಗೋಡೌನ್‌ನಲ್ಲಿ ಟಾರ್ಪಾಲ್ ಹಾಸಿಕೊಂಡು ಕೂತ ಅಂದರ್ ಬಾಹರ್ ಅಡ್ಡೆ ಆದರೂ ಈ ಕಾಯ್ದೆಯ ಕಣ್ಣಿಗೆ ಒಂದೇ. ಎರಡೂ ಜೂಜಿನ ಮನೆ.

ಹಾಗಾದರೆ ಕ್ಲಬ್‌ಗಳಲ್ಲಿ ರಮ್ಮಿ ಆಡ್ತಾರಲ್ಲ ಅಂತ ಕೇಳಬಹುದು. ರಮ್ಮಿ ಪ್ರಧಾನವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಆಂಧ್ರಪ್ರದೇಶದ ಸತ್ಯನಾರಾಯಣ ಪ್ರಕರಣದಲ್ಲಿ ಹೇಳಿದೆ. ಅದೇ ತೀರ್ಪಿನಲ್ಲಿ ಮೂರೆಲೆ ಆಟ ಶುದ್ಧ ಅದೃಷ್ಟದ್ದು ಎಂದೂ ಹೇಳಿದೆ. ರಮ್ಮಿ ಆದ್ರೂ ಸರಿ, ಆಟದಿಂದ ಕ್ಲಬ್ ಮಾಲೀಕ ಲಾಭ ಹೊಡೆಯುತ್ತಿದ್ದರೆ ಅಪರಾಧ ಆಗಬಹುದು ಅನ್ನೋದೂ ಅದರಲ್ಲಿದೆ. ಕ್ಯಾಸಿನೋದಲ್ಲಿ ಇರೋದು ರೂಲೆಟ್ ಚಕ್ರ, ಸ್ಲಾಟ್ ಯಂತ್ರ, ಅಂದರ್ ಬಾಹರ್, ಮೂರೆಲೆ. ಇವ್ಯಾವುವೂ ಕೌಶಲದ ವಿನಾಯಿತಿಯೊಳಗೆ ಬರೋದಿಲ್ಲ.

ರಾಜ್ಯದ ಒಟ್ಟು ಧೋರಣೆಯೂ ಜೂಜಿನ ವಿರುದ್ಧವೇ ಸಾಗಿದೆ. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಲಾಟರಿ ನಿಲ್ಲಿಸಿತು. ಸಾರಾಯಿ ನಿಷೇಧ ಆಗಿದ್ದೂ ಅದೇ ವರ್ಷ. ಕ್ಯಾಸಿನೋ ಮಾತು ಬಂದು ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಅದೇ ಪಕ್ಷದ ಸರ್ಕಾರ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆಗಿದ್ದಾಗ, ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜನ್ನೂ ನಿಷೇಧಿಸಿತು. ಅದು 2021ರ ಅಕ್ಟೋಬರ್ 5ರಂದು ಜಾರಿಗೆ ಬಂತು. ಕೌಶಲದ ಆಟವನ್ನೂ ಜೂಜಿನ ಜೊತೆ ಸೇರಿಸಿದ್ದು ಸರಿಯಲ್ಲ ಎಂದು 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆದರೆ ಅದೃಷ್ಟದ ಜೂಜಿನ ಮೇಲಿದ್ದ ಹಳೇ ನಿಷೇಧ ಹಾಗೇ ಉಳಿದಿದೆ.

ಗೋವಾದಲ್ಲಿ ಹೇಗೆ ಸಾಧ್ಯವಾಯಿತು?

ಗೋವಾದಲ್ಲೂ 1976ರ ಜೂಜು ನಿಷೇಧ ಕಾಯ್ದೆ ಇದೆ. ಆದರೆ ಅಲ್ಲಿನ ವಿಧಾನಸಭೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲ್‌ಗಳಲ್ಲಿ ಸ್ಲಾಟ್ ಯಂತ್ರಗಳಿಗೆ ಅವಕಾಶ ಕೊಟ್ಟಿತು. 1996ರ ಇನ್ನೊಂದು ತಿದ್ದುಪಡಿ ಹಡಗಿನ ಮೇಲೆ ಮೇಜಿನ ಆಟಗಳಿಗೂ ದಾರಿ ಮಾಡಿತು. ಪಣಜಿಯ ಮಾಂಡೋವಿ ನದಿಯಲ್ಲಿ ಕ್ಯಾಸಿನೋ ಹಡಗುಗಳು ನಿಂತಿರೋದು ಅಂದಕ್ಕಲ್ಲ, ಈ ಕಾನೂನಿನ ಕಾರಣಕ್ಕೆ.

ಅವಕಾಶ ಶುರುವಾಗಿದ್ದು ಹೋಟೆಲ್‌ನ ಒಂದು ಮೂಲೆಯ ಯಂತ್ರಗಳಿಂದ. ಆಮೇಲೆ ನದಿ ತನಕ ಬಂತು. ಹಡಗುಗಳನ್ನು ಮಾಂಡೋವಿಯಿಂದ ಹೊರಗೆ ಕಳಿಸ್ತೀವಿ ಅಂತ ಅಲ್ಲಿನ ರಾಜಕಾರಣಿಗಳು ಚುನಾವಣೆ ಚುನಾವಣೆಗೂ ಹೇಳುತ್ತಾ ಬಂದಿದ್ದಾರೆ, ಹಡಗು ಮಾತ್ರ ಅಲ್ಲೇ ಇವೆ. ಒಮ್ಮೆ ಬಂದ ಮೇಲೆ ಹೊರಗೆ ಹಾಕೋದು ಎಷ್ಟು ಕಷ್ಟ ಅನ್ನೋದಕ್ಕೆ ಇದೇ ಉದಾಹರಣೆ.

ಸಿಕ್ಕಿಂ ಕೂಡ 2002ರಲ್ಲಿ ಕ್ಯಾಸಿನೋಗೆ ಪ್ರತ್ಯೇಕ ಕಾನೂನು ಮಾಡಿದೆ. ನೇಪಾಳದಲ್ಲಿ ಕ್ಯಾಸಿನೋ ಇದ್ದರೂ ನೇಪಾಳಿ ಪ್ರಜೆಗಳಿಗೆ ಅಲ್ಲಿ ಆಡಲು ಅವಕಾಶ ಇಲ್ಲ.

ಬೇರೆ ಕಡೆಯೂ ನಿಂತುಹೋಗಿವೆ

ಮಾತು ಬಂದು ಕಟ್ಟಡ ಬಾರದ ಕಥೆ ಕರ್ನಾಟಕಕ್ಕೆ ಮಾತ್ರ ಸೀಮಿತವಲ್ಲ.

ಮಹಾರಾಷ್ಟ್ರ: 1976ರಲ್ಲೇ ಕ್ಯಾಸಿನೋ ನಿಯಂತ್ರಣ ಮತ್ತು ತೆರಿಗೆ ಕಾಯ್ದೆ ಪಾಸಾಗಿತ್ತು. ಆದರೆ ಯಾವ ಸರ್ಕಾರವೂ ಅದನ್ನು ಜಾರಿಗೆ ತರಲಿಲ್ಲ. 47 ವರ್ಷ ಕಾಗದದಲ್ಲೇ ಇದ್ದ ಕಾಯ್ದೆಯನ್ನು 2023ರಲ್ಲಿ ರದ್ದು ಮಾಡಲಾಯಿತು.

ದಮನ್: ದೊಡ್ಡ ಕಂಪನಿಯೊಂದು ಕ್ಯಾಸಿನೋ ನಂಬಿಕೊಂಡು ಭಾರಿ ಹೋಟೆಲ್ ಕಟ್ಟಿತು. 2014ರಲ್ಲಿ ಹೋಟೆಲ್ ಶುರುವಾಯಿತು. ಕ್ಯಾಸಿನೋಗೆ ಪರವಾನಗಿ ಸಿಗದೆ ವಿಷಯ ಕೋರ್ಟ್ ಮೆಟ್ಟಿಲೇರಿತು.

ಕೊಲಂಬೊ: ಆಸ್ಟ್ರೇಲಿಯಾದ ಉದ್ಯಮಿ ಜೇಮ್ಸ್ ಪ್ಯಾಕರ್ 2013ರಲ್ಲಿ ಸುಮಾರು 40 ಕೋಟಿ ಡಾಲರ್‌ನ ಕ್ಯಾಸಿನೋ ರೆಸಾರ್ಟ್ ಯೋಜನೆ ತಂದರು. ಬೌದ್ಧ ಭಿಕ್ಷುಗಳು ಮತ್ತು ವಿರೋಧ ಪಕ್ಷದವರು ವಿರೋಧಿಸಿದರು. 2015ರ ಜನವರಿಯಲ್ಲಿ ಸರ್ಕಾರ ಬದಲಾಯಿತು, ಹೊಸ ಸರ್ಕಾರ ರಿಯಾಯಿತಿ ಹಿಂತೆಗೆದುಕೊಂಡಿತು, ಯೋಜನೆ ಬಿದ್ದುಹೋಯಿತು.

ಸ್ಪೇನ್: ಮ್ಯಾಡ್ರಿಡ್ ಪಕ್ಕದ ಅಲ್ಕೊರ್ಕಾನ್‌ನಲ್ಲಿ ‘ಯೂರೋವೇಗಸ್’ ಹೆಸರಿನಲ್ಲಿ 12 ಹೋಟೆಲ್, 6 ಕ್ಯಾಸಿನೋ ಕಟ್ಟುವ ಯೋಜನೆ ಇತ್ತು. ಕಂಪನಿ ಕೇಳಿದ ಷರತ್ತುಗಳಿಗೆ ಅಲ್ಲಿನ ಸರ್ಕಾರ ಒಪ್ಪಲಿಲ್ಲ. 2013ರ ಡಿಸೆಂಬರ್‌ನಲ್ಲಿ ಕಂಪನಿಯೇ ಕೈಬಿಟ್ಟಿತು.

ಈ ನಾಲ್ಕರಲ್ಲೂ ಒಂದು ವಿಷಯ ಸಮಾನ. ಜಾಗ ಸಿಗದೆ, ದುಡ್ಡು ಸಾಲದೆ ನಿಂತಿದ್ದಲ್ಲ. ಕಾನೂನು, ಲೈಸೆನ್ಸ್, ತೆರಿಗೆ ರಿಯಾಯಿತಿ – ಇವುಗಳ ಹತ್ತಿರ ಬಂದು ನಿಂತಿದ್ದು.

ಲೆಕ್ಕ ಹಾಕಿದ್ರೆ ಯಾರಿಗೆ ಲಾಭ?

ಕ್ಯಾಸಿನೋ ಪರ ಇರುವವರು ಹೇಳೋದು ಎರಡು: ಕೆಲಸ ಸಿಗುತ್ತೆ, ತೆರಿಗೆ ಬರುತ್ತೆ. ಎರಡೂ ಸುಳ್ಳಲ್ಲ. ದೊಡ್ಡ ಹೋಟೆಲ್ ಬಂದ್ರೆ ನೂರಾರು ಜನಕ್ಕೆ ಕೆಲಸ ಬೇಕೇ ಬೇಕು. ಕ್ಯಾಸಿನೋ ಮೇಲೆ 2023ರ ಅಕ್ಟೋಬರ್ 1ರಿಂದ ಪಣದ ಪೂರ್ತಿ ಮೊತ್ತಕ್ಕೆ ಶೇ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ. ಲೈಸೆನ್ಸ್ ಶುಲ್ಕ ಬೇರೆ.

ಆದರೆ ಆ ದುಡ್ಡು ಬರೋದು ಎಲ್ಲಿಂದ? ಇದಕ್ಕೆ ರೂಲೆಟ್ ಚಕ್ರದ ಲೆಕ್ಕ ನೋಡಿದ್ರೆ ಸಾಕು. ಚಕ್ರದಲ್ಲಿ 0ಯಿಂದ 36ರ ತನಕ 37 ಮನೆ. ಒಂದೊಂದು ಮನೆಗೂ 100 ರೂಪಾಯಿ ಕಟ್ಟಿದ್ರೆ 3,700 ರೂಪಾಯಿ ಆಯ್ತು. ಒಂದು ಮನೆ ಗೆದ್ದೇ ಗೆಲ್ಲುತ್ತೆ. ಗೆದ್ದದ್ದಕ್ಕೆ 35 ಪಟ್ಟು, ಅಂದ್ರೆ 3,500, ಜೊತೆಗೆ ಕಟ್ಟಿದ 100 ವಾಪಸ್. ಕೈಗೆ ಬರೋದು 3,600. ಅದೃಷ್ಟ ಹೇಗೇ ಇರಲಿ, 100 ರೂಪಾಯಿ ಮೇಜಿನ ಮಾಲೀಕನದು. ಇದು ಶೇ 2.7. ಎರಡು ಸೊನ್ನೆ ಇರುವ ಅಮೆರಿಕನ್ ಚಕ್ರದಲ್ಲಿ ಇದು ಶೇ 5.26ಕ್ಕೆ ಏರುತ್ತೆ.

ಅಂದರ್ ಬಾಹರ್ ಸಮ ಸಮ ಆಟ ಅಂತ ಹಲವರು ನಂಬಿದ್ದಾರೆ. ಅದೂ ಸರಿಯಲ್ಲ. ಮೊದಲ ಎಲೆ ಯಾವ ಕಡೆ ಬೀಳುತ್ತೋ ಆ ಕಡೆ ಗೆಲ್ಲುವ ಸಾಧ್ಯತೆ ಸುಮಾರು ಶೇ 51.5. ಅದಕ್ಕೇ ಕ್ಯಾಸಿನೋಗಳು ಆ ಕಡೆ ಗೆದ್ದವರಿಗೆ ಸಾಮಾನ್ಯವಾಗಿ 100ಕ್ಕೆ 100 ಕೊಡೋದಿಲ್ಲ, 90 ಕೊಡುತ್ತವೆ. ಒಬ್ಬ ಒಂದು ರಾತ್ರಿ ಗೆಲ್ಲಬಹುದು. ಸಾವಿರ ಜನ ಸಾವಿರ ರಾತ್ರಿ ಆಡಿದರೆ ಗೆಲ್ಲೋದು ಮೇಜು ಮಾತ್ರ.

ಪ್ರವಾಸಿಗರಿಗೆ ಮಾತ್ರ ಅಂತ ನಿಯಮ ಮಾಡಿದರೆ ಊರಿನವರಿಗೆ ತೊಂದರೆ ಇಲ್ಲವಲ್ಲ ಅನ್ನೋದು ಇನ್ನೊಂದು ವಾದ. ಗೋವಾ ಆ ನಿಯಮ ಜಾರಿ ಮಾಡಿದ್ದು ಹಡಗುಗಳು ಬಂದು ಎಷ್ಟೋ ವರ್ಷ ಆದ ಮೇಲೆ. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಆಲ್ದೂರಿನಂಥ ಜಾಗಕ್ಕೆ ಬಂದರೆ?

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರು ಕಡೆ ಹೋಗುವ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರದ ಹೋಬಳಿ ಕೇಂದ್ರ ಆಲ್ದೂರು. ಸುತ್ತ ಕಾಫಿ, ಮೆಣಸು. ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಹತ್ತಿರದವು ಮಂಗಳೂರು ಮತ್ತು 2023ರಲ್ಲಿ ಶುರುವಾದ ಶಿವಮೊಗ್ಗ. ವಾರಾಂತ್ಯದ ವಾಹನಗಳಿಗೇ ಗುಡ್ಡದ ರಸ್ತೆಗಳು ಸಾಲದೆ, ಮುಳ್ಳಯ್ಯನಗಿರಿ ಭಾಗಕ್ಕೆ 2025ರ ಸೆಪ್ಟೆಂಬರ್‌ನಿಂದ ಮುಂಗಡ ಬುಕಿಂಗ್ ಮತ್ತು ವಾಹನ ಮಿತಿ ತರಬೇಕಾಯಿತು.

ಇಲ್ಲಿ ದೊಡ್ಡ ರೆಸಾರ್ಟ್ ಅಂದ್ರೆ ಮೂರು ಪ್ರಶ್ನೆ ಎದುರಾಗುತ್ತವೆ.

ಮೊದಲನೆಯದು ನೀರು. ಫೆಬ್ರುವರಿಯಿಂದ ಏಪ್ರಿಲ್ ತನಕ ಹೂಮಳೆ ಕೈಕೊಟ್ಟರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು. ಹಳ್ಳ, ಕೆರೆಯಲ್ಲಿ ನೀರು ತೀರಾ ಕಮ್ಮಿ ಇರೋದೂ ಆಗಲೇ. ಬೇಸಿಗೆ ರಜೆಯಲ್ಲಿ ರೆಸಾರ್ಟ್ ತುಂಬೋದೂ ಆಗಲೇ.

ಎರಡನೆಯದು ಆಳು. ನವೆಂಬರ್‌ನಿಂದ ಮಾರ್ಚ್ ತನಕ ಕೊಯ್ಲಿಗೆ ಈಗಲೇ ಜನ ಸಿಗ್ತಿಲ್ಲ, ಅಸ್ಸಾಂ, ಬಂಗಾಳ ಕಡೆಯಿಂದ ಬರುವ ಕಾರ್ಮಿಕರನ್ನು ನೆಚ್ಚಿಕೊಂಡಿರುವ ತೋಟಗಳು ಬಹಳ. ರೆಸಾರ್ಟ್ ಕೆಲಸ ಸ್ಥಳೀಯ ಯುವಕರಿಗೆ ಅನುಕೂಲ, ಸಣ್ಣ ಬೆಳೆಗಾರರಿಗೆ ಇನ್ನಷ್ಟು ಕಷ್ಟ. ಎರಡೂ ನಿಜ.

ಮೂರನೆಯದು ಆನೆ. ಆಲ್ದೂರು ಸುತ್ತಮುತ್ತ ಕಾಡಾನೆ ದಾಳಿಗೆ ತೋಟದ ಕೆಲಸದವರು ಜೀವ ಕಳೆದುಕೊಂಡಿದ್ದಾರೆ. 2023ರ ನವೆಂಬರ್‌ನಲ್ಲಿ ಮಹಿಳೆಯೊಬ್ಬರು ಮೃತಪಟ್ಟಾಗ ಜನ ಬೀದಿಗಿಳಿದಿದ್ದು ಇನ್ನೂ ನೆನಪಿದೆ. ಆನೆ ಓಡಾಡುವ ಜಾಗಕ್ಕೆ ಬೇಲಿ, ಲೈಟು, ರಾತ್ರಿಯಿಡೀ ವಾಹನ ಬಂದರೆ ಅವು ದಾರಿ ಬದಲಿಸುತ್ತವೆ. ಬದಲಿಸಿ ಹೋಗೋದು ಪಕ್ಕದ ತೋಟಕ್ಕೆ, ಲೈನ್ ಮನೆಗಳ ಕಡೆಗೆ.

ಸುದ್ದಿ ಬಂದ್ರೆ ಯಾವ ಕಾಗದ ನೋಡಬೇಕು?

ಯೋಜನೆ ನಿಜ ಆಗಿದ್ರೆ ಅದು ಕಾಗದದಲ್ಲಿ ಕಾಣಿಸಲೇಬೇಕು. ನೋಡಬೇಕಾದ ಕಡೆಗಳು ಇಷ್ಟು:

1. ಪಹಣಿ: 2020ರ ತಿದ್ದುಪಡಿಯಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ಹೋದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹಾಗಾಗಿ ಹೊರಗಿನವರು ತೋಟ ಕೊಂಡರು ಅನ್ನೋದಷ್ಟೇ ರೆಸಾರ್ಟ್‌ಗೆ ಪುರಾವೆ ಅಲ್ಲ.

2. ಭೂ ಪರಿವರ್ತನೆ: ಜನ ಕನ್ವರ್ಷನ್ ಅನ್ನೋದು ಇದಕ್ಕೇ. ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಅನುಮತಿ ಬೇಕು. ಕಾಫಿ ತೋಟಕ್ಕೆ ಭೂ ಸುಧಾರಣಾ ಕಾಯ್ದೆಯ 104ನೇ ಕಲಂನಲ್ಲಿ ಭೂಮಿತಿಯಿಂದ ವಿನಾಯಿತಿ ಇದೆ. ಆ ವಿನಾಯಿತಿ ತೋಟಕ್ಕೆ ಕೊಟ್ಟಿದ್ದು, ಹೋಟೆಲ್‌ಗೆ ಅಲ್ಲ.

3. ಪರಿಸರ ಅನುಮತಿ: ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಕಡ್ಡಾಯ. ಅರ್ಜಿಗಳು ಕೇಂದ್ರದ ‘ಪರಿವೇಶ್’ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇರುತ್ತವೆ.

4. ಕಸ್ತೂರಿರಂಗನ್ ಕರಡು: 2024ರ ಜುಲೈ 31ರ ಆರನೇ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಸೂಕ್ಷ್ಮ ಪ್ರದೇಶ ಅಂತ ಗುರುತಾಗಿದೆ. ಜಿಲ್ಲೆಯ ಹಲವು ತಾಲ್ಲೂಕುಗಳ ಹಳ್ಳಿಗಳೂ ಅದರಲ್ಲಿವೆ. ರಾಜ್ಯ ಸಚಿವ ಸಂಪುಟ ಆ ಸೆಪ್ಟೆಂಬರ್‌ನಲ್ಲಿ ಇದನ್ನು ತಿರಸ್ಕರಿಸಿತು. ಬೆಳೆಗಾರರ ವಿರೋಧ ಎಲ್ಲರಿಗೂ ಗೊತ್ತಿರೋದೇ. ಆದರೆ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಹೊಸ ಕಟ್ಟಡಕ್ಕೆ ಆ ಪ್ರದೇಶದಲ್ಲಿ ನಿಷೇಧ ಅನ್ನೋದೂ ಅದೇ ಕರಡಿನಲ್ಲಿದೆ. ಇದು ಚರ್ಚೆಯಲ್ಲಿ ಅಷ್ಟಾಗಿ ಬರೋದಿಲ್ಲ.

5. ಗ್ರಾಮ ಪಂಚಾಯಿತಿ: ಕಟ್ಟಡ ಪರವಾನಗಿ ಇಲ್ಲಿಂದಲೇ. ಗ್ರಾಮಸಭೆಯಲ್ಲಿ ಕೇಳಬಹುದು, ಮಾಹಿತಿ ಹಕ್ಕಿನಲ್ಲಿ ನಕಲು ಪಡೆಯಬಹುದು.

6. ಅಬಕಾರಿ: ವಸತಿಗೃಹಕ್ಕೆ ಸಿಎಲ್-7, ತಾರಾ ಹೋಟೆಲ್‌ಗೆ ಸಿಎಲ್-6ಎ ಸನ್ನದು ಬೇಕು. ಬಾರ್ ಲೈಸೆನ್ಸ್ ಸಿಕ್ಕಿತು ಅಂದ್ರೆ ಕ್ಯಾಸಿನೋ ಬಂತು ಅಂತ ಅರ್ಥ ಅಲ್ಲ.

7. ವಿಧಾನಮಂಡಲ: ಕ್ಯಾಸಿನೋ ಅಂತ ನಿಜವಾಗಿ ಬರಬೇಕಾದ್ರೆ ಇಲ್ಲಿ ಮಸೂದೆ ಪಾಸಾಗಿ ರಾಜ್ಯಪತ್ರದಲ್ಲಿ ಪ್ರಕಟ ಆಗಬೇಕು. ಈ ಏಳನೆಯದು ಆಗದೆ ಮೇಲಿನ ಆರೂ ಆದರೂ ಬರೋದು ರೆಸಾರ್ಟ್ ಮಾತ್ರ. ಹಾಗಿದ್ದೂ ಒಳಗೆ ಮೇಜು ಹಾಕಿ ಆಡಿಸುತ್ತಿದ್ದರೆ ಅದು ಕಲಂ 79ರ ಪ್ರಕರಣ.

ಇಲ್ಲಿ ಒಂದು ಎಚ್ಚರಿಕೆ. ಕ್ಯಾಸಿನೋ ತಡೆಯಲು ಕಾನೂನಿನ ಗೋಡೆ ಇದೆ. ಆದರೆ ಬರೀ ರೆಸಾರ್ಟ್‌ಗೆ ಅಂಥ ಗೋಡೆ ಇಲ್ಲ, ಇರೋದು ಈ ಅನುಮತಿಗಳಷ್ಟೇ. ದಮನ್‌ನಲ್ಲಿ ಆದ ಹಾಗೆ, ಹೋಟೆಲ್ ಮೊದಲು ಎದ್ದು ನಿಂತ ಮೇಲೆ ಕ್ಯಾಸಿನೋಗೆ ಒತ್ತಡ ಬರೋದು ಸುಲಭ. ಹಾಗಾಗಿ ಊರಿನವರು ಕೇಳುವ ಪ್ರಶ್ನೆ ಕನ್ವರ್ಷನ್ ಹಂತದಲ್ಲೇ ಇರಬೇಕು, ಉದ್ಘಾಟನೆ ದಿನ ಅಲ್ಲ.

ಕಟ್ಟಡ ಇಲ್ಲದ ಕ್ಯಾಸಿನೋ

ರೆಸಾರ್ಟ್ ಬರಲಿಲ್ಲ, ಆದರೆ ಆಟ ಮೊಬೈಲ್‌ಗೆ ಬಂತು. ಟವರ್ ಸಿಕ್ಕ ಕಡೆಯೆಲ್ಲ ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳು ತೆರೆದುಕೊಂಡವು. ಗೋವಾಕ್ಕೆ ಹೋಗಲು ರಜೆ ಬೇಕು, ಕಾರು ಬೇಕು. ಮೊಬೈಲ್‌ಗೆ ಅದೂ ಬೇಡ. ವಾರದ ಬಟವಾಡೆ ಖಾತೆಗೆ ಬಿದ್ದ ರಾತ್ರಿಯೇ ಖಾಲಿ ಆಗಬಹುದು, ಮನೆಯವರಿಗೆ ತಿಳಿಯೋದೂ ಇಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಪಾಸು ಮಾಡಿ, ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕಂಪನಿಗಳು ಇದನ್ನು ಕೋರ್ಟ್‌ನಲ್ಲಿ ಪ್ರಶ್ನಿಸಿವೆ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡು ಮೋಸ ಹೋದವರು ತಡಮಾಡದೆ 1930 ಸಹಾಯವಾಣಿಗೆ ದೂರು ಕೊಡಬಹುದು.

ಒಂದು ನೋಟದಲ್ಲಿ

1963 – ಕರ್ನಾಟಕ ಪೊಲೀಸ್ ಕಾಯ್ದೆ, ಜೂಜಿನ ಮನೆ ಅಪರಾಧ
1968 – ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್
1992, 1996 – ಗೋವಾದಲ್ಲಿ ಹೋಟೆಲ್, ನಂತರ ಹಡಗಿನಲ್ಲಿ ಅವಕಾಶ
2007 – ಕರ್ನಾಟಕದಲ್ಲಿ ಲಾಟರಿ ನಿಷೇಧ
2020 ಫೆಬ್ರುವರಿ – ಪ್ರವಾಸೋದ್ಯಮ ಸಚಿವರಿಂದ ಕ್ಯಾಸಿನೋ ಮಾತು, ಟೀಕೆ, ಸ್ಪಷ್ಟನೆ
2021 – ಆನ್‌ಲೈನ್ ಜೂಜು ನಿಷೇಧಿಸಿ ರಾಜ್ಯದ ತಿದ್ದುಪಡಿ
2022 ಫೆಬ್ರುವರಿ – ತಿದ್ದುಪಡಿಯ ಮುಖ್ಯ ಭಾಗ ಹೈಕೋರ್ಟ್‌ನಿಂದ ರದ್ದು
2023 – ಮಹಾರಾಷ್ಟ್ರದ ಕ್ಯಾಸಿನೋ ಕಾಯ್ದೆ ರದ್ದು
2025 – ಹಣದ ಆನ್‌ಲೈನ್ ಆಟಗಳಿಗೆ ಕೇಂದ್ರದ ನಿಷೇಧ